ಜೋಳದ ಕಾಳಿನಷ್ಟು ತೂತು

ಇಮಾಮುದ್ದೀನನ ಹೆಸರು ಗೌರಕ್ಕನ ಕಿವಿಗೆ ಮೊದಲು ಬಿದ್ದದ್ದು ಸಾರು ಕೆಟ್ಟ ದಿನ. ಎಪ್ಪತ್ಮೂರನೆಯ ಇಸವಿ, ಆಷಾಢ ಮುಗಿಯುತ್ತ ಬಂದಿತ್ತು. ಶಲವಡಿಯ ಮನೆಯಲ್ಲಿ ಹಿತ್ತಾಳೆ ಬೋಗಾಣಿಯಲ್ಲಿ ಕುದಿಸಿದ ಹುಳಿಸಾರನ್ನು ಅತ್ತೆ ನೀಲಕ್ಕ ಒಂದು ತುತ್ತು ಉಂಡು ತಾಟು ಸರಿಸಿದಳು.

“ಏನ ಬೇ ಗೌರಿ, ಉಪ್ಪಿನ ಬದ್ಲಿ ಮೈಲುತುತ್ತ ಹಾಕೀಯೇನ? ನನ್ನ ಲಗೂನ ಕಳಿಸೂ ವಿಚಾರ ಐತೇನ?”

“ಬೋಗಾಣಿ ಕಿಲುಬು ಬಿಟ್ಟೈತ್ರಿ ಅತ್ತಿ. ಕಲಾಯಿ ಸವದೈತಿ.”

“ಹಂಗಾರ ಅಣ್ಣಿಗೇರಿ ಇಮಾಮುದ್ದೀನಗ ಹೇಳಿ ಕಳಸು. ಅಂವ ಕಲಾಯಿ ಹಾಕಿದ ಬೋಗಾಣ್ಯಾಗ ಮಾರಿ ನೋಡ್ಕೋಬಹುದು. ಅಂವ ತೂತು ಮುಚ್ಚಿದ ಕೊಡ ಮತ್ತ ಸೋರಿದ್ದು ನಾ ಅಂತೂ ಕಂಡಿಲ್ಲ.”

ಆ ಕೊನೆಯ ಮಾತು ಗೌರಕ್ಕನ ಮನಸ್ಸಿನಲ್ಲಿ ಉಳಿಯಿತು. ಅದು ಹೊಗಳಿಕೆಯ ಮಾತು. ಮುಂದೆ ಅದೇ ಮಾತು ಅಷ್ಟು ಭಾರವಾಗುತ್ತದೆಂದು ಅಂದು ಯಾರಿಗೆ ಗೊತ್ತಿತ್ತು?

ನಾಲ್ಕು ದಿನ ಬಿಟ್ಟು ಆತ ಬಂದ. ಐವತ್ತರ ಆಚೀಚಿನ ಒಣಕಲು ಮನುಷ್ಯ, ಕೈಬೆರಳ ತುದಿಗಳೆಲ್ಲ ಕಪ್ಪು, ಮಾತು ಮಾತ್ರ ತಣ್ಣಗೆ. ಅಂಗಳದ ಮೂಲೆಯಲ್ಲಿ ಕುಣಿ ತೋಡಿ, ಚರ್ಮದ ತಿದಿಯ ಮೂತಿಯನ್ನು ಅದರೊಳಗೆ ಹುಗಿದು, ಇದ್ದಿಲು ಹಾಕಿ ಗಾಳಿ ಊದಿದ. ಕಾದ ಬೋಗಾಣಿಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಮ್ಮೆ ತಿಕ್ಕಿದನೆಂದರೆ ಒಳಮೈ ಬೆಳ್ಳಗಾಗುತ್ತಿತ್ತು. ಕಲಾಯಿ ಹಾಕುವ ಮುಂಚೆ ಪ್ರತಿ ಪಾತ್ರೆಯನ್ನೂ ಮೂಗಿನ ಹತ್ತಿರ ಒಯ್ಯುತ್ತಿದ್ದ.

“ಯಾಕ್ರಿ, ವಾಸನಿ ನೋಡ್ತೀರಿ?” ಎಂದು ಗೌರಕ್ಕ ಕೇಳಿದಳು.

“ಪಸಿ ಐತೇನೋ ನೋಡ್ತೀನ್ರಿ ಅಕ್ಕಾರ. ನೀರು ಕಣ್ಣಿಗೆ ಸುಳ್ಳು ಹೇಳತೈತಿ, ಮೂಗಿಗೆ ಹೇಳಂಗಿಲ್ಲ. ಒಂದು ಹನಿ ಉಳದ್ರೂ ತವರ ಸಿಡಿತೈತಿ.”

ಇದನ್ನು ಕೇಳುತ್ತ ಕಟ್ಟೆಯ ಮೇಲೆ ಕುಳಿತಿದ್ದ ಗೌರಕ್ಕನ ಗಂಡ ಶಂಭುಲಿಂಗಪ್ಪ ಎದ್ದುಬಂದ. ಹಿಂದಿನ ಸುಗ್ಗಿಯಲ್ಲಿ ಹತ್ತಿ ಚಲೋ ಬಂದು, ಆತ ಒಂದು ಹಳೆಯ ಅಂಬಾಸಿಡರ್ ಕಾರು ತಂದಿದ್ದ. ಊರಿಗೆ ಅದೊಂದೇ ಕಾರು. ಹೆರಿಗೆಯವರಿರಲಿ, ಹಾವು ಕಡಿದವರಿರಲಿ, ಅದರಲ್ಲೇ ಹುಬ್ಬಳ್ಳಿಗೆ ಹೋಗಬೇಕು. ಮಳೆಗಾಲ ಹಿಡಿದಾಗಿನಿಂದ ಅದರ ಹಿಂದಿನ ಎರಡೂ ಕೆಂಪು ದೀಪಗಳ ಒಳಗೆ ನೀರು ಸೇರಿ, ಗಾಜು ಬೆವರಿ, ಬೆಳಕು ಹೊರಗೇ ಬರುತ್ತಿರಲಿಲ್ಲ. ಹೊಸ ಬಲ್ಬು ಹಾಕಿದರೆ ಎಂಟು ದಿನ ತಾಳುತ್ತಿರಲಿಲ್ಲ.

“ಇಮಾಮಸಾಬ, ಬೋಗಾಣಿ ಪಸಿ ತಗೀತಿ. ನನ್ನ ಕಾರಿನ ದೀಪದ ಪಸಿ ತಗೀತಿಯೇನ?”

“ಅದೂ ತಗಡಿನ ಡಬ್ಬೀನ ಅಲ್ಲೇನ್ರಿ ಸಾವ್ಕಾರ್ರ? ನೋಡೂಣು, ತಗೊಂಡ ಬರ್ರಿ.”

ಸ್ಕ್ರೂ ಬಿಚ್ಚಿ ಗಾಜು ತೆಗೆದರೆ ಒಳಗೆ ಅರ್ಧ ಬಟ್ಟಲು ಕೆಸರು ನೀರು. ತಳದ ತೂತಿಗೆ ಕಪ್ಪು ಯರಿಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಇಮಾಮುದ್ದೀನ ನೀರು ಚೆಲ್ಲಿ, ಹತ್ತಿಯಿಂದ ಒರೆಸಿ, ಡಬ್ಬಿಯನ್ನು ಕೆಂಡದಿಂದ ಒಂದು ಮೊಳ ದೂರ ಹಿಡಿದು ತಿರುವಿ ತಿರುವಿ ಕಾಯಿಸಿದ. ಗಾಜನ್ನು ಬೆಂಕಿಗೆ ತರದೆ ಬಿಸಿಲಲ್ಲಿ ಇಟ್ಟ. ಒಣಗಿದೊಡನೆ ಕೂಡಿಸಲು ಹೋದಾಗ ಗೌರಕ್ಕ ತಡೆದಳು.

“ಬಿಸಿ ಇದ್ದಾಗ ಮುಚ್ಚಬ್ಯಾಡ್ರಿ ಇಮಾಮಣ್ಣ. ಬಿಸಿ ರೊಟ್ಟಿ ಬುಟ್ಟ್ಯಾಗ ಮುಚ್ಚಿಟ್ರ ಬೆವತು ಹಳಸಂಗಿಲ್ಲೇನ?”

ಆತ ಕೈ ನಿಲ್ಲಿಸಿ ಆಕೆಯನ್ನು ನೋಡಿದ. “ಖರೇ ಐತ್ರಿ. ಇದು ನನಗ ಹೊಳೀಲಿಲ್ಲ ನೋಡ್ರಿ.”

ಆರುವತನಕ ಕುಳಿತ ಹೊತ್ತಿನಲ್ಲಿ ಆತ ತಳದ ಆ ತೂತನ್ನು ದಬ್ಬಣದಿಂದ ಕೆದರಿ ಚೊಕ್ಕಟ ಮಾಡಿದ. ಜೋಳದ ಕಾಳಿನಷ್ಟು. ಆಚೆಯ ದೀಪದಲ್ಲೂ ಅಂಥದ್ದೇ ಒಂದು. “ತುಕ್ಕು ತಿಂದೈತೋ ಏನೋ. ಇಲ್ಲಿಂದನ ನೀರು ಹೊಗತೈತಿ ಅನಸ್ತೈತ್ರಿ. ಮುಚ್ಚಲೇನ್ರಿ ಅಕ್ಕಾರ?”

ಗೌರಕ್ಕನಿಗೆ ಅತ್ತೆಯ ಮಾತು ನೆನಪಾಯಿತು. “ಮುಚ್ಚಿ ಬಿಡ್ರಿ. ನೀವು ಮುಚ್ಚಿದ್ದು ಸೋರಂಗಿಲ್ಲಂತ,” ಎಂದಳು.

ಆತ ನಕ್ಕು, ಎರಡು ಹನಿ ತವರ ಬಿಟ್ಟು ಮುಚ್ಚಿದ. ತೂತು ಕಂಡರೆ ಮುಚ್ಚುವುದೇ ಆತನ ಉದ್ಯೋಗ. ಮೂವತ್ತು ವರ್ಷ ಅದನ್ನೇ ಮಾಡಿದವನು.

ಆ ವರ್ಷ ಆಮೇಲೆ ಹೇಳಿಕೊಳ್ಳುವಂಥ ಮಳೆಯಾಗಲಿಲ್ಲ. ಬೇಸಿಗೆ ಕಳೆಯುವತನಕ ದೀಪಗಳು ದಾಸವಾಳದಂತೆ ಕೆಂಪಗೆ ಹತ್ತಿದವು. ಮುಂದಿನ ವರ್ಷದ ಮುಂಗಾರು ಜೋರಾಗಿ ಹಿಡಿಯಿತು. ಒಂದು ದಿನ ಶಂಭುಲಿಂಗಪ್ಪ ಓಣಿಯ ಬಸಕ್ಕನ ಮಗಳನ್ನು ನವಲಗುಂದದ ದವಾಖಾನೆಗೆ ಬಿಟ್ಟು ಒಬ್ಬನೇ ತಿರುಗಿ ಬರುತ್ತಿದ್ದ. ದೀಪ ಹಚ್ಚುವ ಹೊತ್ತು. ಗಾಲಿಗೆ ಯರಿಮಣ್ಣು ಮೆತ್ತಿ ಕಾರು ಮುಂದೆ ಸಾಗದಾದಾಗ, ಇಳಿದು ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಕೆತ್ತತೊಡಗಿದ. ಹಿಂದಿನಿಂದ ಬಂದ ಲಾರಿ ಕಾರಿಗೆ ಗುದ್ದಿತು. ಕಾರು ಆತನ ಬಲಗಾಲಿನ ಮೇಲೆ ಹಾಯಿತು. ಜೀವ ಉಳಿಯಿತು. ಕಾಲು ಮೊಣಕಾಲಿನ ಕೆಳಗೆ ಹೋಯಿತು.

“ಕೆಂಪು ದೀಪ ಇರಲಿಲ್ರಿ, ನನ್ನ ಮಕ್ಕಳಾಣಿ,” ಎಂದ ಲಾರಿಯವನ ಮಾತನ್ನು ಊರು ನಂಬಲಿಲ್ಲ. ಶಂಭುಲಿಂಗಪ್ಪನಿಗೂ ಗೊತ್ತಿರಲಿಲ್ಲ. ಆತ ನೋಡುತ್ತಿದ್ದದ್ದು ಮಣ್ಣನ್ನು.

ಜಜ್ಜಿಹೋದ ಕಾರನ್ನು ಎತ್ತು ಹೂಡಿ ಎಳೆದುತಂದು ಹಿತ್ತಲಲ್ಲಿ ನಿಲ್ಲಿಸಿದಾಗ ಎಡಗಡೆಯ ದೀಪ ಪುಡಿಯಾಗಿತ್ತು, ಬಲಗಡೆಯದು ಹಾಗೇ ಉಳಿದಿತ್ತು. ಯಾರೂ ಇಲ್ಲದಾಗ ಗೌರಕ್ಕ ತಾನೇ ಸ್ಕ್ರೂ ತಿರುವಿದಳು. ಗಾಜು ಸಡಿಲಾದದ್ದೇ ತಡ, ನೀರು ಆಕೆಯ ಮೊಣಕೈಗುಂಟ ಸುರಿಯಿತು. ಬಲ್ಬು ಕರ್ರಗಾಗಿತ್ತು. ಗಾಜಿನ ಸುತ್ತಲಿನ ರಬ್ಬರ ಪಟ್ಟಿಯ ಸಂದಿನಿಂದ ಒಳಗೆ ಬಂದ ನೀರಿಗೆ ಕೆಳಗೆ ಹೋಗಲು ಹಾದಿಯೇ ಇರಲಿಲ್ಲ. ತಳದಲ್ಲಿ ತವರದ ಹನಿ, ಇನ್ನೂ ಬೆಳ್ಳಗೆ, ಒಂದಿಷ್ಟೂ ಸೋರದೆ ಕುಳಿತಿತ್ತು. ಮಾಳಿಗೆ ಕಟ್ಟುವವರು ಮಳೆನೀರು ಇಳಿಯಲು ದಾರಿ ಬಿಟ್ಟೇ ಕಟ್ಟುತ್ತಾರೆ. ಆ ತೂತನ್ನು ಕಾರು ಮಾಡಿದವರು ಬೇಕೆಂದೇ ಬಿಟ್ಟಿದ್ದರು.

ಆಕೆ ದೀಪವನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿನ ಗಡಿಗೆಯಲ್ಲಿ ಇಟ್ಟಳು. ಯಾರಿಗೂ ಹೇಳಲಿಲ್ಲ. ಇಮಾಮುದ್ದೀನ ಸುದ್ದಿ ಕೇಳಿ ಓಡಿಬಂದು, ಶಂಭುಲಿಂಗಪ್ಪನ ಹಾಸಿಗೆಯ ಹತ್ತಿರ ಬಹಳ ಹೊತ್ತು ಕುಳಿತು, ಹೋಗುವಾಗ ಬಾಗಿಲಲ್ಲಿ ಕೇಳಿದ: “ಅಕ್ಕಾರ, ದೀಪ ಹತ್ತಿದ್ವೇನ್ರಿ?”

“ಹತ್ತಿದ್ವು ಇಮಾಮಣ್ಣ. ತಪ್ಪು ಲಾರಿಯವಂದು.”

ಆತನ ಮುಖ ಹಗುರಾಯಿತು. ಆ ಸುಳ್ಳನ್ನು ಆತನಿಗಾಗಿ ಹೇಳಿದೆನೋ, ಮುಚ್ಚಿ ಬಿಡ್ರಿ ಎಂದ ತನ್ನ ಬಾಯಿಗಾಗಿ ಹೇಳಿದೆನೋ, ಗೌರಕ್ಕನಿಗೇ ತಿಳಿಯಲಿಲ್ಲ.

ಮರುವರ್ಷ ಚೈತ್ರದಲ್ಲಿ ಆಕೆ ಅಣ್ಣಿಗೇರಿ ಸಂತೆಗೆ ಹೋದಳು. ಬಸ್ಸು ನಿಲ್ಲುವಲ್ಲಿ ಬೇವಿನ ಗಿಡದ ಕೆಳಗೆ ಇಮಾಮುದ್ದೀನ ತಿದಿ ಹೂಡಿದ್ದ. ಮುಂದೆ ಕೊಡ ಇಲ್ಲ, ಬೋಗಾಣಿ ಇಲ್ಲ. ಮನೆಮನೆಗೆ ಸ್ಟೀಲು ಬಂದು ಕಲಾಯಿ ಕೇಳುವವರು ಕಡಿಮೆಯಾಗಿದ್ದರು. ಸಾಲಾಗಿ ಇದ್ದದ್ದು ದೀಪಗಳು. ಕುಬೇರಪ್ಪನೆಂಬ ಒಕ್ಕಲಿಗನ ಟ್ರ್ಯಾಕ್ಟರಿನ ಟ್ರೇಲರದ್ದು, ಡಾಕ್ಟರ ಜೀಪಿನದ್ದು, ಮತ್ತೆ ಯಾರಯಾರದ್ದೋ. ಒಂದೊಂದರ ತಳಕ್ಕೂ ಆತ ತವರದ ಹನಿ ಬಿಡುತ್ತಿದ್ದ.

“ನಂಬಿಕಿ ಇಲ್ಲಂದ್ರ ಇವರನ್ನ ಕೇಳ್ರಿ,” ಎಂದು ಆಕೆಯನ್ನು ಕಂಡವನೇ ಪಕ್ಕದಲ್ಲಿ ನಿಂತಿದ್ದ ಕುಬೇರಪ್ಪನಿಗೆ ತೋರಿಸಿದ. “ಶಲವಡಿ ಸಾವ್ಕಾರ್ರ ಮನಿ ಅಕ್ಕಾರು. ಅಂಥಾ ಗುದ್ದು ಬಿದ್ದ ದಿನಾನೂ ನಾ ಮಾಡಿದ ದೀಪ ಹತ್ತಿದ್ವು. ಹೌದಿಲ್ರಿ ಅಕ್ಕಾರ?”

ಗೌರಕ್ಕ ಸೆರಗು ಬಾಯಿಗೆ ಹಿಡಿದು, ಗೋಣು ಹಾಕಿ, ಸಂತೆ ಮಾಡದೆ ಬಂದ ಬಸ್ಸಿಗೇ ತಿರುಗಿ ಹತ್ತಿದಳು. ಮನೆ ಮುಟ್ಟುವತನಕ ಆಕೆಯ ಕಣ್ಣ ಮುಂದೆ ಆ ದೀಪಗಳ ಸಾಲೇ ಇತ್ತು. ಎಷ್ಟು ದೀಪವೋ ಅಷ್ಟು ಕಾಲು. ಮಳೆ ಬೀಳುವುದಕ್ಕೆ ಇನ್ನು ಒಂದೂವರೆ ತಿಂಗಳು.

ಮರುದಿನ ಬೆಳಿಗ್ಗೆ ಆಕೆ ಅಟ್ಟದಿಂದ ಗಂಟು ಇಳಿಸಿದಾಗ, ಊರುಗೋಲು ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ ಶಂಭುಲಿಂಗಪ್ಪ ಕೇಳಿದ: “ಏನದು?”

ಆಕೆ ಬಿಚ್ಚಿ ತೋರಿಸಿದಳು. ತೂತು ಕಂಡದ್ದು, ಮುಚ್ಚಿ ಬಿಡ್ರಿ ಎಂದದ್ದು, ನೀರು ಸುರಿದದ್ದು, ಇಮಾಮುದ್ದೀನನಿಗೆ ಸುಳ್ಳು ಹೇಳಿದ್ದು, ಸಂತೆಯಲ್ಲಿ ದೀಪಗಳ ಸಾಲು ಕಂಡದ್ದು, ಎಲ್ಲವನ್ನೂ ಹೇಳಿದಳು. ಆತ ದೀಪ ಕೈಗೆ ತೆಗೆದುಕೊಂಡು ತವರದ ಹನಿಯ ಮೇಲೆ ಹೆಬ್ಬೆರಳು ಆಡಿಸಿದ.

“ಹೋಗು,” ಎಂದ ಕಡೆಗೆ. “ಮಳಿ ಬರೂದ್ರಾಗ ಹೋಗು.”

ಅಣ್ಣಿಗೇರಿಯ ಮನೆಯಲ್ಲಿ ಇಮಾಮುದ್ದೀನನ ಹೆಂಡತಿ ಖಾದರಬಿ ಚಹಾ ಇಟ್ಟಳು. ಅದು ಆರಿತು, ಯಾರೂ ಕುಡಿಯಲಿಲ್ಲ. ಗೌರಕ್ಕ ಹೇಳುತ್ತಿದ್ದಷ್ಟು ಹೊತ್ತೂ ಇಮಾಮುದ್ದೀನ ದೀಪವನ್ನು ಮೂಗಿನ ಹತ್ತಿರ ಹಿಡಿದೇ ಇದ್ದ. ವರ್ಷ ಕಳೆಯುತ್ತ ಬಂದರೂ ಅದರಲ್ಲಿ ಕೆಸರಿನ ವಾಸನೆ ಇತ್ತು.

“ಮುಚ್ಚು ಅಂದಾಕಿ ನಾನು ಇಮಾಮಣ್ಣ,” ಎಂದಳು ಆಕೆ. “ಆಮ್ಯಾಲ ಸುಳ್ಳು ಹೇಳಿದಾಕೀನೂ ನಾನ.”

“ನೀವು ಬಾಯಿಲೆ ಅಂದ್ರಿ ಅಕ್ಕಾರ. ಕೈ ನಂದು.” ಆತ ದೀಪವನ್ನು ಅದೇ ಸೀರೆಯಲ್ಲಿ ಸುತ್ತಿ ಆಕೆಯ ಮಡಿಲಿಗೆ ತಿರುಗಿ ಇಟ್ಟ. “ಇದು ನಿಮ್ಮ ಹಂತೇಕ ಇರಲಿ. ಇದು ಆಗಿ ಹೋದದ್ದು. ಮೊದಲು ಆಗದ ಇದ್ದಾವನ್ನ ನೋಡ್ತೀನಿ.”

ಅಂದೇ ಮಧ್ಯಾಹ್ನ ಆತ ದಬ್ಬಣ ಮತ್ತು ಇದ್ದಿಲಿನ ಚೀಲ ಹಿಡಿದು ಹೊರಟ. ಮೊದಲು ಹೋದದ್ದು ಕುಬೇರಪ್ಪನ ಮನೆಗೆ.

“ಮುಚ್ಚಾಂವನೂ ನೀನ, ತಗ್ಯಾಂವನೂ ನೀನ,” ಎಂದು ಕುಬೇರಪ್ಪ ನಾಲ್ಕು ಮಂದಿಯ ಮುಂದೆ ನಕ್ಕ. “ಹೊಲದು ಬಿಚ್ಚೂ ದರ್ಜಿ ಆದೆಲ್ಲೋ ಸಾಬಾ.”

“ಹೌದ್ರಿ. ತಪ್ಪು ಹೊಲದೀನಿ, ಬಿಚ್ಚಾಕ ಬಂದೀನಿ,” ಎಂದ ಇಮಾಮುದ್ದೀನ. ದಬ್ಬಣ ಕಾಸಿ ಒತ್ತಿದ. ತವರ ಕರಗಿ ಕೆಳಗೆ ಬಿತ್ತು.

ಒಂದೂವರೆ ತಿಂಗಳು ಆತ ಹೀಗೇ ತಿರುಗಿದ. ಪ್ರತಿ ಬಾಗಿಲಲ್ಲೂ ಅದೇ ಮಾತು: ನಾ ತಪ್ಪು ಮಾಡೀನಿ, ಒಂದು ಗಳಿಗಿ ದೀಪ ಕೊಡ್ರಿ. ಡಾಕ್ಟರು ಜೀಪನ್ನು ಕುಬಿಹಾಳದವರಿಗೆ ಮಾರಿದ್ದರು. ಬಸ್ಸು ಹಿಡಿದು, ಇಳಿದ ಮೇಲೆ ಬಿಸಿಲಲ್ಲಿ ನಡೆದು, ಅಲ್ಲಿಗೂ ಹೋಗಿ ಬಂದ. ಮೊದಲ ಮಳೆ ಬಿದ್ದ ದಿನ ಶಲವಡಿಗೆ ಬಂದು ಅಂಗಳದಲ್ಲಿ ನೆನೆಯುತ್ತ ನಿಂತು, “ಎಲ್ಲಾ ಮುಗದ್ವು ಸಾವ್ಕಾರ್ರ,” ಎಂದ. ಶಂಭುಲಿಂಗಪ್ಪ ಕಟ್ಟೆಯ ಮೇಲೆ ಸರಿದು ಕುಳಿತು ಬಾಜೂಕ್ಕೆ ಜಾಗ ಮಾಡಿಕೊಟ್ಟ.

ತನ್ನ ಬಾಯಿಂದಲೇ ತನ್ನ ತಪ್ಪು ಸಾರಿದವನ ಹತ್ತಿರ ಕೆಲಸ ಯಾರು ತರುತ್ತಾರೆ? ಒಂದು ವರ್ಷ ಯಾರೂ ತರಲಿಲ್ಲ. ಆಮೇಲೆ ಕುಬೇರಪ್ಪನೇ ಮೊದಲು ಬಂದ. “ಸುಳ್ಳು ಹೇಳೂ ಮಿಸ್ತ್ರಿಗಿಂತ ನೀ ಪಾಡು,” ಎಂದನಂತೆ. ಇಮಾಮುದ್ದೀನ ಮತ್ತೆ ದೀಪಗಳ ಪಸಿ ತೆಗೆಯತೊಡಗಿದ. ಒಣಗಿಸಿ, ಆರಲು ಬಿಟ್ಟು, ಮೇಲಿನ ರಬ್ಬರ ಪಟ್ಟಿಗೆ ಜೇನುಮೇಣ ಸವರಿ, ಕೊನೆಗೆ ದಬ್ಬಣದಿಂದ ತಳದ ತೂತನ್ನು ಒಮ್ಮೆ ಚುಚ್ಚಿ ನೋಡದೆ ಯಾವುದನ್ನೂ ತಿರುಗಿ ಕೊಡುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಮಾಘದಲ್ಲಿ ಆತ ಹಾಸಿಗೆ ಹಿಡಿದ. ಜೀವಮಾನವಿಡೀ ಕುಡಿದ ನವಸಾಗರದ ಹೊಗೆ ಎದೆಯಲ್ಲಿ ಗೂಡು ಕಟ್ಟಿತ್ತು. ಗೌರಕ್ಕ ಜೋಳದ ನುಚ್ಚಿನ ಗಂಜಿ ತೆಗೆದುಕೊಂಡು ಹೋದಳು. ಶಂಭುಲಿಂಗಪ್ಪನೂ ಊರುಗೋಲು ಊರುತ್ತ ಬಂದಿದ್ದ. ಖಾದರಬಿ ಗಂಡನ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದಳು.

“ಅಕ್ಕಾರ, ಒಂದು ಉಳದೈತ್ರಿ,” ಎಂದ ಇಮಾಮುದ್ದೀನ.

“ಯಾವುದು?”

“ನಿಮ್ಮ ಅಟ್ಟದ ಮ್ಯಾಲಿಂದು.”

ಶಂಭುಲಿಂಗಪ್ಪ ನೆಲ ನೋಡಿದ. ಗೌರಕ್ಕ, “ನಾಳಿಗೆ ತರತೀನಿ ಇಮಾಮಣ್ಣ, ನಿಮ್ಮ ಕೈಲೆನ ತಗೀರಿ,” ಎಂದಳು.

ಆತ ಹೊದಿಕೆಯ ಮೇಲಿಟ್ಟ ಎರಡೂ ಕೈ ತೋರಿಸಿದ. ಬೆರಳು ತಾವಾಗಿಯೇ ನಡುಗುತ್ತಿದ್ದವು. ತುಸು ನಕ್ಕಂತೆ ಮಾಡಿ, ಉಸಿರು ಹಿಡಿದು ಹಿಡಿದು ಹೇಳಿದ:

“ನನ್ನ ಕೈಲೆ ಆಗಂಗಿಲ್ರಿ. ಕೌದಿ ಹೊಲಿಯೂ ದಬ್ಬಣ ಒಲ್ಯಾಗ ಕಾಸಿ ಒತ್ರಿ, ತವರ ಬಿಡತೈತಿ. ಮುಚ್ಚು ಅಂದಾವ್ರೂ ನೀವ. ನೀವ ತಗೀರಿ ಅಕ್ಕಾರ.”