ದೊಡ್ಡಪ್ಪನ ತೀನತಾಳ, ನನ್ನ ಟ್ರಂಪೆಟ್

ಅವಸರದ ಆಟಗಾರರು ನನಗೆ ಹಿಡಿಸುವುದಿಲ್ಲ. ಅವಸರದ ಸಂಗೀತಗಾರರಂತೂ ಇನ್ನೂ ಹಿಡಿಸುವುದಿಲ್ಲ. ಚೆಂಡು ಕೈ ಬಿಟ್ಟ ಕೂಡಲೇ ಬ್ಯಾಟು ಬೀಸುವವನು, ತಾಳದ ಪೆಟ್ಟು ಬೀಳುವ ಮೊದಲೇ ಸ್ವರ ಒಗೆದು ಕೈತೊಳೆದುಕೊಳ್ಳುವವನು, ಇಬ್ಬರೂ ಪಂಕ್ತಿಯಲ್ಲಿ ಅನ್ನ ಬೀಳುವ ಮುಂಚೆ ಎಲೆಗೆ ಕೈ ಹಾಕುವವರ ಪೈಕಿ. ತಡಮಾಡಲು ಧೈರ್ಯ ಬೇಕು. ತಡಮಾಡಿಯೂ ತಪ್ಪದೆ ಬಂದು ಮುಟ್ಟಲು ವಿದ್ಯೆ ಬೇಕು. ಇದು ನನ್ನ ಸಿದ್ಧಾಂತ. ಇದನ್ನು ಹುಚ್ಚು ಎಂದವರು ಬಹಳ ಜನ, ಅವರಲ್ಲಿ ಹೆಚ್ಚಿನವರು ನನ್ನ ನೆಂಟರೇ. ಅವರು ಅನ್ನುತ್ತಾ ಬಂದರು, ನಾನು ಜಾಝ್ ಕೇಳುತ್ತಾ ಬಂದೆ.

ನಾವು ಮೂಲತಃ ಧಾರವಾಡದ ಕಡೆಯವರು. ಪುಣೆಯ ಶನಿವಾರ ಪೇಟೆಯಲ್ಲಿ ನಮ್ಮ ದೊಡ್ಡಪ್ಪನಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳ ಅಂಗಡಿ ಇತ್ತು. ಅಪ್ಪ ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಗುಮಾಸ್ತ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅವನನ್ನು ರಾವಲ್ಪಿಂಡಿಗೆ ಹಾಕಿದರು. ಅವ್ವ ಮತ್ತು ನಾನು ದೊಡ್ಡಪ್ಪನ ಮನೆಯಲ್ಲಿ ಉಳಿದೆವು. ದೊಡ್ಡವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಒಲೆ ಅವ್ವನದು, ಮಾತು ದೊಡ್ಡಪ್ಪನದು.

ಆ ಮನೆಯ ಒಂದು ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ದೊಡ್ಡಪ್ಪ ನನ್ನ ಅಪ್ಪನ ಅಣ್ಣ, ಅಂದರೆ ಅವ್ವನಿಗೆ ಭಾವ. ಭಾವನ ಎದುರು ತಮ್ಮನ ಹೆಂಡತಿ ಕೂಡುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಭಾವನೂ ಅಷ್ಟೇ, ಅವಳನ್ನು ಮುಟ್ಟುವುದಿರಲಿ, ಅವಳ ಸೀರೆಯ ಸೆರಗು ಸೋಕದಂತೆ ದೂರ ಸರಿದು ಹೋಗಬೇಕು. ಅವ್ವನಿಗೆ ಏನಾದರೂ ಹೇಳುವುದಿದ್ದರೆ ನನ್ನ ಮುಖ ನೋಡಿ, "ಅವರಿಗೆ ಹೇಳು, ಜ್ವಾಳ ತೀರ್ಯಾವ ಅಂತ" ಅನ್ನುವಳು. ದೊಡ್ಡಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ಕೇಳಿಸಲೇ ಇಲ್ಲವೆಂಬಂತೆ ನಾನು ಹೇಳುವ ತನಕ ಕಾಯುವನು. ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

ದೊಡ್ಡಪ್ಪನಿಗೆ ಎರಡು ಹುಚ್ಚು. ಒಂದು ಖಯಾಲು ಗಾಯನ, ಇನ್ನೊಂದು ಕ್ರಿಕೆಟ್ಟು. ಗಾಯನದ ಬೈಠಕಿಗೆ ಹೋದರೆ ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುವನು. ಜಿಮಖಾನಾ ಮೈದಾನದಲ್ಲಿ ಆಟವಿದ್ದರೆ ಅಂಗಡಿಗೆ ಬೀಗ ಹಾಕಿ, ಛತ್ರಿ ಹಿಡಿದು, ಅವಲಕ್ಕಿ ಕಟ್ಟಿಸಿಕೊಂಡು ಹೊರಡುವನು. ಲೇಟ್ ಕಟ್ ಎಂಬ ಹೊಡೆತವನ್ನು ಅವನು ಮನೆಯ ಪಡಸಾಲೆಯಲ್ಲಿ ಛತ್ರಿಯಿಂದ ಆಡಿ ತೋರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚೆಂಡು ತನ್ನನ್ನು ದಾಟಲು ಬಿಟ್ಟು, ಇನ್ನೇನು ಹೋಯಿತು ಅನ್ನುವಾಗ ಹಿಂದಿನಿಂದ ಮೆಲ್ಲಗೆ ತಟ್ಟುವುದು. "ಕಾಯಬೇಕ್ವಾ ಕಾಯಬೇಕು, ಕಾಯದವ ಎಂಥಾ ಬ್ಯಾಟ್ಸಮನ್ನು?" ಅನ್ನುವನು. ನನ್ನ ಸಿದ್ಧಾಂತದ ಅರ್ಧ ಭಾಗ ಅವನಿಂದಲೇ ಬಂದದ್ದು. ಈ ಮಾತು ಅವನ ಎದುರು ನಾನು ಎಂದೂ ಒಪ್ಪಿಕೊಂಡಿಲ್ಲ.

ಉಳಿದರ್ಧ ಬಂದದ್ದು ಸಾಹೇಬರ ದಂಡು ಇದ್ದ ಕ್ಯಾಂಪಿನಿಂದ. ಅಲ್ಲಿ ಗೋವೆಯ ಕ್ರೈಸ್ತ ಹೆಂಗಸೊಬ್ಬಳು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು, ನಾವೆಲ್ಲ ಹೊಲಿಗೆಬಾಯಿ ಅನ್ನುತ್ತಿದ್ದೆವು. ಅವಳ ಗಂಡ ಸಾಹೇಬರ ಕ್ಲಬ್ಬಿನಲ್ಲಿ ಟ್ರಂಪೆಟ್ ನುಡಿಸುವವರು. ನಾವು ಮುಂದಿನ ಕೋಣೆಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದರೆ ಅವರು ಹಿತ್ತಲಿನಲ್ಲಿ ಗ್ರಾಮಫೋನ್ ಹಚ್ಚಿ ಅದರ ಜೊತೆ ಅಭ್ಯಾಸ ಮಾಡುತ್ತಿದ್ದರು. ವಾದ್ಯದ ಬಾಯಿಗೆ ತೆಂಗಿನ ಕರಟ ಹಿಡಿದು, ಮುಚ್ಚಿ ತೆರೆದು ಮಾಡಿದರೆ ಅದು ಮುನಿಸಿಕೊಂಡ ಮುದುಕನ ಹಾಗೆ ಗೊಣಗುತ್ತಿತ್ತು. ನನ್ನ ಸೂಜಿ ಅಲ್ಲೇ ನಿಲ್ಲುತ್ತಿತ್ತು. ಕಾಜ ಹೊಲಿಯುವುದನ್ನು ನಾನು ಕೊನೆಗೂ ಕಲಿಯಲಿಲ್ಲ.

ಒಂದು ಸಲ ಧೈರ್ಯ ಮಾಡಿ ಕೇಳಿದೆ, ಗ್ರಾಮಫೋನಿನಲ್ಲಿ ಎಲ್ಲರೂ ಒಟ್ಟಿಗೆ ಹೊರಟ ಮೇಲೆ ನೀವೊಬ್ಬರೇ ಯಾಕೆ ಹಿಂದೆ ಉಳಿಯುತ್ತೀರಿ ಎಂದು. ಅವರು ನಕ್ಕು ಮರಾಠಿಯಲ್ಲಿ ಹೇಳಿದರು, "ಉಶಿರಾ ಯೇ, ಪಣ ಚುಕೂ ನಕೋ." ತಡವಾಗಿ ಬಾ, ಆದರೆ ತಪ್ಪಬೇಡ. ಆಗ ನಾನು ಪೇಟೆಯ ಹುಡುಗಿಯರ ತಂಡದಲ್ಲಿ ಖೋ-ಖೋ ಆಡುತ್ತಿದ್ದೆ, ಕಚ್ಚೆ ಬಿಗಿದು. ಕೂತವರ ಸಾಲಿನ ನಡುವೆ ಹಾವಿನಂತೆ ನುಸುಳುತ್ತ ಓಡಬೇಕು, ಹಿಂದೆ ಅಟ್ಟಿಸಿಕೊಂಡು ಬರುವವಳಿಗೆ ಸಿಗಬಾರದು. ಬೇಗ ತಿರುಗಿದವಳು ಔಟು. ಅವಳ ಕೈ ಬೆನ್ನಿಗೆ ತಾಗಿತು ಅನ್ನುವ ತನಕ ನೆಟ್ಟಗೆ ಹೋಗಿ, ಆಮೇಲೆ ತಿರುಗಿದವಳು ಉಳಿದಳು. ಟ್ರಂಪೆಟ್ಟಿನವರ ಮಾತು ಕೇಳಿದ ಮೇಲೆ ನಾನು ಹಾಗೇ ಆಡತೊಡಗಿದೆ. ನನ್ನನ್ನು ಹಿಡಿಯುವುದು ಅಷ್ಟು ಸುಲಭವಿರಲಿಲ್ಲ, ಈಗಲೂ ಇಲ್ಲ.

ಯುದ್ಧದ ನಡುವೆ ಅವರಿಗೆ ಕಲ್ಕತ್ತೆಯಲ್ಲಿ ಕೆಲಸ ಸಿಕ್ಕಿತು. ಗಂಡ ಹೆಂಡತಿ ಮನೆ ಖಾಲಿ ಮಾಡುವಾಗ ಒಂದು ಗಟ್ಟಿ ಮರದ ಪೆಟ್ಟಿಗೆಯ ತುಂಬ ಗ್ರಾಮಫೋನ್ ತಟ್ಟೆಗಳನ್ನು ನನಗೆ ಕೊಟ್ಟರು. ಹೆಚ್ಚಿನವು ಅಮೆರಿಕೆಯ ಕರಿಯ ವಾದ್ಯಗಾರರವು. ಒಂದು ಮಾತ್ರ ಮುಂಬಯಿಯ ಒಂದು ಹೋಟೆಲಿನ ಬ್ಯಾಂಡಿನದು, ಅಲ್ಲೇ ಮುದ್ರಣವಾದದ್ದು. ಅದರಲ್ಲಿ ಟ್ರಂಪೆಟ್ ನುಡಿಸಿದವರು ಅವರೇ. ತಟ್ಟೆಯ ನಡುವಿನ ಚೀಟಿಯಲ್ಲಿ ಹೋಟೆಲಿನ ಹೆಸರಿತ್ತು, ಬಿಳಿಯ ಬ್ಯಾಂಡ್‌ಮಾಸ್ತರನ ಹೆಸರಿತ್ತು, ಅವರದು ಇರಲಿಲ್ಲ. ಕ್ಲಬ್ಬಿಗೂ ಅವರು ಅಡುಗೆಮನೆಯ ಬಾಗಿಲಿನಿಂದಲೇ ಹೋಗಬೇಕಿತ್ತು. ಆಮೇಲೆ ಅವರ ಸುದ್ದಿ ನನಗೆ ಸಿಗಲಿಲ್ಲ. ಅವರು ನುಡಿಸಿದರು ಎಂಬುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ ತಟ್ಟೆ. ಹಾಗಾಗಿ ಅದರ ಮೇಲೆ ನನಗೆ ಪ್ರಾಣ.

ಅಪ್ಪನ ಗ್ರಾಮಫೋನು ಮನೆಯಲ್ಲಿತ್ತು. ಯುದ್ಧಕಾಲದಲ್ಲಿ ಉಕ್ಕಿನ ಪಿನ್ನು ಸಿಗುತ್ತಿರಲಿಲ್ಲ, ಜಾಲಿಮುಳ್ಳನ್ನು ಚೂಪು ಮಾಡಿ ಸಿಕ್ಕಿಸುತ್ತಿದ್ದೆ. ದೊಡ್ಡಪ್ಪ ಅಂಗಡಿಗೆ ಹೋದ ಮೇಲೆ ನನ್ನ ಬೈಠಕು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಳು. ಹಾಡು ನಡೆಯುತ್ತಿದ್ದಂತೆ ಅವಳ ಕೈ ಡ್ರಮ್ಮಿನ ಜೊತೆ ಸೇರಿಕೊಂಡುಬಿಡುತ್ತಿತ್ತು, ಅವಳಿಗೇ ಗೊತ್ತಿಲ್ಲದೆ. ನಾನು ಹೇಳಿದರೆ ನಿಲ್ಲಿಸಿಬಿಡುತ್ತಾಳೆಂದು ಹೇಳಲಿಲ್ಲ.

ದೊಡ್ಡಪ್ಪನಿಗೆ ಜಾಝ್ ಅಂದರೆ ಆಗದು. "ಕತ್ತೆ ಒದರಿದಂಗ ಅದ" ಅನ್ನುವನು. ಅದು ಹೋಗಲಿ, ಕಿವಿ ಅವರವರದು. ಆದರೆ ಪರದೇಶಿ ಅಂದಾಗ ನಾನು ಸುಮ್ಮನಿರುತ್ತಿರಲಿಲ್ಲ.

"ಪರದೇಶಿ ಅಂತೀರಲ್ರಿ ದೊಡ್ಡಪ್ಪಾ, ಕ್ರಿಕೆಟ್ಟು ಏನು ಇಲ್ಲೇ ನಮ್ಮ ಜೇಜುರಿಯೊಳಗ ಹುಟ್ಟೇದೇನ್ರಿ?"

"ಅದು ಆಟ. ಆಟದ ಮಾತು ಬ್ಯಾರೆ."

"ನಿಮ್ಮ ಬೈಠಕಿನ ಪೇಟಿ? ಹಾರ್ಮೋನಿಯಂ ಎಲ್ಲಿಂದ ಬಂತ್ರಿ?"

"ಬಾಯಿ ಭಾಳ ಆತು ನಿಂದು."

ಬಾಯಿ ಭಾಳ ಆದದ್ದು ನಿಜ. ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಈ ಸಂಗೀತ ಸಾಹೇಬರದೇ ಅಲ್ಲ, ಸಾಹೇಬರು ಸರಪಳಿ ಹಾಕಿ ತಂದವರ ಮಕ್ಕಳು ಕಟ್ಟಿದ್ದು ಎಂದು ಹೊಲಿಗೆಬಾಯಿಯ ಮನೆಯಲ್ಲಿ ಕೇಳಿದ್ದನ್ನು ಹೇಳಿದೆ. ಸ್ವರಾಜ್ಯ ಬೇಕೆಂದು ದಿನಾ ಹೇಳುವ ಅವನಿಗೆ ಇದು ಮೊದಲು ಅರ್ಥವಾಗಬೇಕಿತ್ತು. ದೊಡ್ಡಪ್ಪ ಎದ್ದು ಕೈಕಾಲು ತೊಳೆಯಲು ಹೋದ.

ಹೀಗಿರುವಾಗ ಬುಧವಾರ ಪೇಟೆಯ ತಟ್ಟೆಯಂಗಡಿಯವನು ಹೊಸ ಪದ್ಧತಿ ತಂದ. ತಟ್ಟೆ ಮಾಡುವ ಅರಗು ಸಿಗುತ್ತಿಲ್ಲ, ಹಳೆಯ ತಟ್ಟೆಗಳನ್ನು ತಂದು ಕೊಡಿ, ಒಡೆದು ಕರಗಿಸಲು ಕಳಿಸುತ್ತೇವೆ, ಹಾಗೆ ಕೊಟ್ಟವರಿಗೆ ಮಾತ್ರ ಹೊಸದು. ಅದೇ ಹೊತ್ತಿಗೆ ದೊಡ್ಡಪ್ಪನ ಆರಾಧ್ಯ ಗಾಯಕನ ಹೊಸ ತಟ್ಟೆ ಬಂದಿತ್ತು. ತನ್ನ ತಟ್ಟೆಗಳನ್ನು ಕೊಡುವುದೆಂದರೆ ದೇವರಮನೆಯ ಮೂರ್ತಿ ಮಾರಿದಂತೆ. ಅವನ ಕಣ್ಣು ನನ್ನ ಪೆಟ್ಟಿಗೆಯ ಮೇಲೆ ಬಿತ್ತು.

ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಹೇಳಿದ. "ಆ ಪೆಟಿಗಿ ನಾ ಒಯ್ಯಾಂವ. ತಾಳ ಇಲ್ಲ, ಮ್ಯಾಳ ಇಲ್ಲ, ಅದನ್ನ ಇಟಗೊಂಡು ಏನ್ ಮಾಡ್ತಿ?"

ಅತ್ತರೆ ಪೆಟ್ಟಿಗೆ ಹೋಗುತ್ತದೆ, ಬೇಡಿಕೊಂಡರೂ ಹೋಗುತ್ತದೆ ಎಂದು ಗೊತ್ತಿತ್ತು. ಅವನ ಅಭಿಮಾನವನ್ನೇ ಚಿವುಟಿದೆ. "ತಾಳ ಇಲ್ಲಂತ ಹ್ಯಾಂಗ ಹೇಳ್ತೀರಿ? ತೀನತಾಳ ಹಾಕ್ರಿ. ಸಮ ತಪ್ಪಿದ್ರ ನಾನ ಹೊತಗೊಂಡು ಬಂದು ಅಂಗಡಿಗೆ ಮುಟ್ಟಸ್ತೀನಿ. ತಪ್ಪಲಿಲ್ಲಂದ್ರ ಪೆಟಿಗಿ ಮುಟ್ಟಬಾರದು."

ತೀನತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಹದಿನಾರು ಪೆಟ್ಟು; ಸಮ ಎಂದರೆ ಅದರ ಮೊದಲ ಪೆಟ್ಟು. ಗಾಯಕ ಎಲ್ಲೇ ಅಲೆದರೂ ಅಲ್ಲಿಗೆ ಬಂದು ಕೂಡಬೇಕು, ಕೂತಾಗ ಕೇಳುವವರು ತಲೆ ತೂಗಿ ವಾಹ್ ಅನ್ನಬೇಕು. ಇದು ಅವನ ಲೋಕದ ಕಾನೂನು.

"ಆಗಲಿ," ಅಂದ ದೊಡ್ಡಪ್ಪ. "ಮಾತಂದ್ರ ಮಾತು."

ಮುಂಬಯಿಯ ತಟ್ಟೆಯನ್ನೇ ಹಚ್ಚಿದೆ. ಮೊದಲ ಸ್ವರ ಕೇಳಿದ್ದೇ ತಡ ದೊಡ್ಡಪ್ಪ ತೊಡೆ ತಟ್ಟಿ ಎಣಿಸತೊಡಗಿದ. ಒಂದು ಸುತ್ತು ಮುಗಿಯುವುದರೊಳಗೆ ಅವನ ಪೆಟ್ಟು ಒಂದು ಕಡೆ, ಬ್ಯಾಂಡಿನ ಪೆಟ್ಟು ಒಂದು ಕಡೆ. "ನೋಡು!" ಎಂದು ಗೆದ್ದವನಂತೆ ಕೈ ಎತ್ತಿದ. ಕುಣಿಯಲು ಬಾರದವಳಿಗೆ ನೆಲ ಡೊಂಕು. ನಾನು ಮುಳ್ಳು ಎತ್ತಿದೆ.

"ದೊಡ್ಡಪ್ಪಾ, ನಿಮ್ಮ ಖಯಾಲಿನ ಹಾಡು ಸಮದಿಂದ ಶುರು ಆಗ್ತದೇನ್ರಿ?"

"ಎಲ್ಲಿದು? ಮುಖಡಾ ಮೊದಲ ಬರತದ, ಆಮ್ಯಾಲೆ ಸಮ," ಅಂದುಬಿಟ್ಟ. ಅಂದ ಮೇಲೆ ಅವನ ಮುಖ ನೋಡಬೇಕಿತ್ತು. ಜೀವಮಾನವಿಡೀ ಮುಂದಿನ ಸಾಲಿನಲ್ಲಿ ಕೂತವನು ಮುಖಡೆಯನ್ನೇ, ಅಂದರೆ ಸಮಕ್ಕೆ ಮುಂಚೆ ಬರುವ ಹಾಡಿನ ಎತ್ತುಗಡೆಯನ್ನೇ, ಸಮವೆಂದು ಹಿಡಿದಿದ್ದ. ಅವನ ಗಾಯಕರಿಗೆ ಕೊಡುವ ರಿಯಾಯಿತಿಯನ್ನು ನನ್ನವರಿಗೂ ಕೊಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮತ್ತೆ ಹಚ್ಚಿದೆ. ಈ ಸಲ ಮುಖಡೆಯನ್ನು ಬಿಟ್ಟುಕೊಟ್ಟು, ಬ್ಯಾಂಡು ಒಟ್ಟಾಗಿ ಬಿದ್ದ ಕಡೆ ಅವನ ಕೈ ಬಿತ್ತು. ಅಲ್ಲಿಂದ ತೀನತಾಳ ಚಕ್ಕಡಿಯ ಗಾಲಿಯಂತೆ ಉರುಳಿತು. ಮೂರು ಆವರ್ತನಕ್ಕೆ ಹಾಡು ಮನೆಗೆ ಬಂತು. ಮತ್ತೆ ಮೂರಕ್ಕೆ ಮತ್ತೆ ಬಂತು. ದೊಡ್ಡಪ್ಪನ ಹುಬ್ಬು ಮೇಲೇರಿತು. ಆಮೇಲೆ ನನ್ನ ಟ್ರಂಪೆಟ್ಟಿನವರು ಎದ್ದರು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಅಂತಾರಲ್ಲ, ಕೊಂಕಣದವರೇ ಆದ ಅವರು ಹಾಗೇ ಹೋದರು, ಕರಟದೊಳಗಿಂದ ಗೊಣಗುತ್ತ, ಒಂದು ಸ್ವರವನ್ನು ಹಿಡಿದು ಬಿಡದೆ. ಇನ್ನೇನು ಸಮ ಬಂತು, ಈ ಮನುಷ್ಯ ಬರಲಿಲ್ಲ ಅನ್ನುವಾಗ, ದೊಡ್ಡಪ್ಪನ ಕೈ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ, ಬಂದು ಕೂತರು.

"ಕ್ಯಾ ಬಾತ್!" ಅಂದ ದೊಡ್ಡಪ್ಪ. ತಲೆಯೂ ತೂಗಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತಟ್ಟೆ ಮುಗಿದು ಕಿರಿಕಿರಿ ಅನ್ನುತ್ತ ಸುತ್ತುತ್ತಿತ್ತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. ಎದ್ದು ತಟ್ಟೆಯನ್ನು ತಾನೇ ತೆಗೆದು, ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿದ.

"ಹೆಣ್ಣುಮಕ್ಕಳ ಜೋಡಿ ಎಂಥಾ ಪಂಥ," ಅಂದ. "ಕೋಟು ಹಾಕ್ಕೊಂಡು ಬರ್ತೀನಿ. ಒಂದು ಹಗ್ಗ ತಂದಿಡು."

ಅವನು ಒಳಗೆ ಹೋದ. ಇಂಥ ಮೋಸವನ್ನು ಮೈದಾನದಲ್ಲಿ ಯಾರಾದರೂ ಮಾಡಿದ್ದರೆ ಇವನೇ ಛತ್ರಿ ಎತ್ತಿಕೊಂಡು ಕೂಗುತ್ತಿದ್ದ. ಹಗ್ಗ ತರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಪೆಟ್ಟಿಗೆಯನ್ನು ತಬ್ಬಿಕೊಂಡರೆ ಅವನು ನನ್ನ ರಟ್ಟೆ ಹಿಡಿದು ಎಬ್ಬಿಸುತ್ತಾನೆ, ಅದೂ ಗೊತ್ತಿತ್ತು.

ಆಗ ಅವ್ವ ಹೊರಗೆ ಬಂದಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯ ಮೇಲೆ ಕೂತಳು. ಸೆರಗನ್ನು ಎರಡೂ ಬದಿಗೆ ಹರವಿ, ಮರ ಕಾಣದಂತೆ ಮುಚ್ಚಿಕೊಂಡಳು.

ಕೋಟು, ಪಗಡಿ ಹಾಕಿಕೊಂಡು ಬಂದ ದೊಡ್ಡಪ್ಪ ಹೊಸ್ತಿಲಲ್ಲೇ ನಿಂತ. ತಮ್ಮನ ಹೆಂಡತಿ ತನ್ನ ಎದುರು ಕೂತದ್ದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಮುಂದೆ ಬರುವಂತಿಲ್ಲ, ಸೆರಗು ಸೋಕುತ್ತದೆ. ಏಳು ಅನ್ನುವಂತಿಲ್ಲ, ಅವಳೊಡನೆ ಮಾತಿಲ್ಲ. ಅವನೇ ಹಾಕಿದ ಗೆರೆಗಳ ನಡುವೆ ಅವನು ಸಿಕ್ಕಿಕೊಂಡಿದ್ದ.

"ಅವರಿಗೆ ಏಳಂತ ಹೇಳು," ಅಂದ, ನನಗೆ.

ನಾನು ಹೇಳಲಿಲ್ಲ.

ಅವ್ವ ನನ್ನ ಮುಖ ನೋಡಿದಳು. ದನಿ ಏರಿಸಲಿಲ್ಲ. "ಅವರಿಗೆ ಹೇಳವಾ," ಅಂದಳು, "ಹೆಸರಿಲ್ಲದ ಆ ಮನಿಷಾ ತಾಳ ತಪ್ಪಲಿಲ್ಲ. ಹೆಸರಿದ್ದವರು ಮಾತ್ಯಾಕ ತಪ್ಪತಾರ ಅಂತ."

ಇದನ್ನೂ ನಾನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ದೊಡ್ಡಪ್ಪ ಈ ಸಲ ನನಗಾಗಿ ಕಾಯಲಿಲ್ಲ. ಪಗಡಿ ತೆಗೆದು ಗೂಟಕ್ಕೆ ಹಾಕಿದ. ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು, ವಾಸನೆ ಪಡಸಾಲೆಗೆ ಬಂದಿತ್ತು. ನಾನು ಓಡಲು ಹೋದರೆ ಅವ್ವ ಕೈ ಹಿಡಿದಳು. "ಸೀದ್ರ ಸೀಯವಲ್ದ್ಯಾಕ," ಅಂದಳು. ದೊಡ್ಡಪ್ಪ ಹಿತ್ತಲಿಗೆ ಹೋಗುವ ತನಕ ಅವಳು ಏಳಲಿಲ್ಲ.

ಮಧ್ಯಾಹ್ನ ಮೂವರೂ ಕರಕಲು ರೊಟ್ಟಿಯನ್ನೇ ತಿಂದೆವು. ದೊಡ್ಡಪ್ಪನಿಗೆ ಬೇಕಾಗಿದ್ದ ತಟ್ಟೆ ಯುದ್ಧ ಮುಗಿಯುವ ತನಕ ಸಿಗಲಿಲ್ಲ. ನನ್ನ ಪೆಟ್ಟಿಗೆ ನನ್ನ ಹತ್ತಿರವೇ ಉಳಿಯಿತು. ಮುಂಬಯಿಯ ತಟ್ಟೆಯನ್ನು ಈಗಲೂ ಹಚ್ಚುತ್ತೇನೆ, ನೆರೆಯವರು ಕಿಟಕಿ ಮುಚ್ಚಿದರೆ ಮುಚ್ಚಲಿ. ಚೀಟಿಯಲ್ಲಿ ಅವರ ಹೆಸರಿಲ್ಲ, ಇವತ್ತಿಗೂ ಇಲ್ಲ. ಆದರೆ ಆ ಸ್ವರ ತಡವಾಗಿ ಬಂದು ಕೂಡುವ ಜಾಗದಲ್ಲಿ ನನಗೆ ಪ್ರತಿ ಸಲವೂ ದೊಡ್ಡಪ್ಪನ ಕ್ಯಾ ಬಾತ್ ಕೇಳಿಸುತ್ತದೆ. ಅಷ್ಟರ ಮಟ್ಟಿಗೆ ಅವನನ್ನು ಕ್ಷಮಿಸಿದ್ದೇನೆ.

ಅವ್ವ ಮಾತ್ರ ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. ಆ ರವಿವಾರದ ನಂತರ ದೊಡ್ಡಪ್ಪ ಪಡಸಾಲೆಗೆ ಬಂದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದಳು, ಅಕ್ಕಿ ಆರಿಸುವುದೋ ಹೂ ಕಟ್ಟುವುದೋ, ಕೂತಲ್ಲಿಂದ ಏಳದೆ.