ನಮಗಿಂತ ಮುಂದೆ ಹೊರಟ ಗಂಟು

ನಮ್ಮ ವಿಜಯನಗರದ ಮನೆಯ ಅಟ್ಟದಲ್ಲಿ, ಹಾಸಿಗೆ ಸುತ್ತುವ ಹೋಲ್ಡಾಲಿಗೂ ಹಳೆಯ ಟ್ರಂಕಿಗೂ ನಡುವೆ, ಅರಿಸಿನದ ಕಲೆ ಹತ್ತಿದ ಒಂದು ಬಿಳಿಯ ಚೌಕ ಬಟ್ಟೆ ಮಡಿಸಿಟ್ಟಿರುತ್ತದೆ. ಮನೆಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆಂದರೆ ಅದು ಕೆಳಗಿಳಿಯುತ್ತದೆ. ಅದರಲ್ಲಿ ಒಂದು ಹಿಡಿ ಅಕ್ಕಿ, ಅರಿಸಿನದ ಕೊಂಬು, ಎರಡು ಅಡಿಕೆ, ಹೊರಟವರದೊಂದು ಹಳೆಯ ಉಡುಪು ಸೇರಿಸಿ ಗಂಟು ಕಟ್ಟುವ ಅಧಿಕಾರ ನಮ್ಮತ್ತೆಯವರಿಗೆ ಮಾತ್ರ.

ನಿಮ್ಮ ಮನೆಯಲ್ಲೂ ಈ ಪದ್ಧತಿ ಇದ್ದೀತು. ರೈಲ್ವೆಯವರು ಟೈಮ್‌ಟೇಬಲ್ ಬರೆಯುವಾಗ ಪಂಚಾಂಗ ನೋಡುವುದಿಲ್ಲ, ಪಂಚಾಂಗ ಬರೆಯುವವರಿಗೆ ರೈಲಿನ ಗೊಡವೆಯಿಲ್ಲ. ಇಬ್ಬರ ಜಗಳದಲ್ಲಿ ಬಡವಾಗುವ ಪ್ರಯಾಣಿಕನಿಗಾಗಿ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ನೆರೆಮನೆಯಲ್ಲಿ ಇಟ್ಟುಬಂದರೆ ನೀವು ಹೊರಟಂತೆಯೇ ಲೆಕ್ಕ. ಆಮೇಲೆ ಎರಡು ದಿನ ಮನೆಯಲ್ಲೇ ಉಂಡು ಮಲಗಿದರೂ ದೋಷವಿಲ್ಲ. ನಿಜವಾಗಿ ಹೊರಡುವಾಗ ಅದನ್ನು ಎತ್ತಿಕೊಂಡು ಹೋಗಬೇಕು. ಹೊರಟವರಿಲ್ಲದೆ ಗಂಟು ಮಾತ್ರ ಮನೆಗೆ ಮರಳಿತೋ, ಪ್ರಯಾಣ ಮುರಿಯಿತೆಂದೇ ಅರ್ಥ.

ನಾನು ರಾಜಾಜಿನಗರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ರಜೆ ಬಂದರೆ ಕಾಲು ನಿಲ್ಲುವುದಿಲ್ಲ. ಊರೂರಿನ ಕೋಟೆ, ನದಿ, ಸಂತೆ, ಅಲ್ಲಿಯ ರಾಜಕೀಯದ ಹರಟೆ, ಎಲ್ಲವೂ ಬೇಕು. ಅತ್ತೆಯವರ ಭೂಗೋಳವಾದರೋ ತವರಾದ ಕೆಂಗೇರಿಯಿಂದ ಹೊರಟು ನಮ್ಮ ಬಚ್ಚಲ ಒಲೆಯ ಬಳಿ ಮುಗಿಯುತ್ತಿತ್ತು. ಒಮ್ಮೆ ಯಜಮಾನರ ಕಾರ್ಖಾನೆಯ ಎಲ್‌ಟಿಸಿ ಪ್ರವಾಸ ಸವಲತ್ತಿನಲ್ಲಿ ಆಗ್ರಾ, ದೆಹಲಿ ನೋಡಲು ನಾವಿಬ್ಬರೂ ಹೊರಟೆವು. ಎದುರುಮನೆಯ ಸಾವಿತ್ರಮ್ಮನವರ ನಡುಮನೆಯಲ್ಲಿ ಪ್ರಸ್ಥಾನ ಇಟ್ಟಾಗಿತ್ತು. ಹೊರಡುವ ದಿನ ಆಟೋದವನ ಅವಸರ, ಹೋಲ್ಡಾಲಿನ ಬೆಲ್ಟಿನ ರಗಳೆ. ಗಂಟು ಅಲ್ಲೇ ಉಳಿಯಿತು. ನೆನಪಾದದ್ದು ರೈಲು ಗುಂತಕಲ್ಲು ದಾಟಿದ ಮೇಲೆ.

ನಾನು ನಕ್ಕೆ. ಆದರೆ ನಗು ಬಹಳ ದೂರ ಬರಲಿಲ್ಲ. ಗ್ವಾಲಿಯರ್ ಕಳೆದು ಒಂದು ಚಿಕ್ಕ ಸ್ಟೇಷನ್ನಿನಲ್ಲಿ ರೈಲು ನಿಂತೇಬಿಟ್ಟಿತು. ಮುಂದಿನ ಊರುಗಳಲ್ಲಿ ಗಲಭೆ, ಕರ್ಫ್ಯೂ ಎಂದರು. ವರ್ಷವರ್ಷವೂ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ನಾನು ಎಳೆಯುವ ಚಂಬಲ್ ನದಿ ಅಲ್ಲೇ ಮುಂದಿತ್ತು, ದಾಟುವಂತಿರಲಿಲ್ಲ. ಹಳ್ಳಿಯ ಹೆಂಗಸರು ರೊಟ್ಟಿ, ಕುಂಬಳಕಾಯಿ ಪಲ್ಯ ಹೊತ್ತು ತಂದು, ಯಾವ ಜಾತಿ, ಯಾವ ಭಾಷೆ ಎಂದು ಕೇಳದೆ ಕಿಟಕಿ ಕಿಟಕಿಗೂ ಹಂಚಿದರು. ಅದೇ ನಾಡಿನಲ್ಲಿ, ಒಂದೆರಡು ಗಂಟೆಯ ದಾರಿಯಾಚೆ, ಮನುಷ್ಯರು ಮನೆಗಳಿಗೆ ಬೆಂಕಿ ಇಡುತ್ತಿದ್ದರು. ಇವೆರಡನ್ನೂ ಒಟ್ಟಿಗೆ ತೋರಿಸುವ ನಕ್ಷೆ ನನ್ನ ಯಾವ ಅಟ್ಲಾಸಿನಲ್ಲೂ ಇಲ್ಲ.

ನನಗಿದ್ದ ಚಿಂತೆ ನಮ್ಮದಲ್ಲ, ಅತ್ತೆಯವರದು. ಬಿ.ಪಿ. ಇರುವ ಜೀವ, ಒಬ್ಬರೇ ಕೂತು ರೇಡಿಯೊ ವಾರ್ತೆ ಕೇಳುತ್ತಿರುತ್ತಾರೆ. ಕೊಟ್ಟ ಟೆಲಿಗ್ರಾಂ ಹೋಯಿತೋ ಇಲ್ಲವೋ ಹೇಳುವವರಿಲ್ಲ. ದಿನಗಳು ಹಾಗೇ ಕಳೆದು, ಕೊನೆಗೆ ಬಂದ ದಾರಿಯಲ್ಲೇ ನಮ್ಮನ್ನು ಹಿಂದಕ್ಕೆ ಕಳಿಸಿದರು. ತಾಜಮಹಲಿನ ನೆರಳೂ ಕಾಣದೆ, ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮನೆಯ ಮುಂದೆ ಇಳಿದರೆ, ಬಾಗಿಲಿಗೆ ಬೀಗ!

ಸಾವಿತ್ರಮ್ಮನವರನ್ನು ಕೇಳೋಣವೆಂದು ತಿರುಗಿದೆ. ಎದುರುಮನೆಗೂ ಬೀಗ. ಆಸ್ಪತ್ರೆ ಎಂಬ ಮಾತು ಇಬ್ಬರ ಬಾಯಲ್ಲೂ ಬಂದು ಅಲ್ಲೇ ನಿಂತಿತು. ಅಷ್ಟರಲ್ಲಿ ಪಕ್ಕದ ಮಹಡಿಯಿಂದ ಒಬ್ಬಾಕೆ ಬಗ್ಗಿ, "ನಿಮ್ಮತ್ತೆನಾ? ಸಾವಿತ್ರಮ್ಮನ ಬೀಗರ ಮನೆಗೆ ಹೋಗಿದಾರೆ ಕಣ್ರೀ, ಮಹಾಲಕ್ಷ್ಮಿ ಲೇಔಟಿಗೆ. ನಿಮ್ಮ ಗಂಟು ಈಗ ಅಲ್ಲಿದೆಯಂತೆ!" ಎಂದರು.

ಆ ಮನೆಯ ಗೃಹಪ್ರವೇಶಕ್ಕೆ ನಾವೂ ಹೋಗಿದ್ದರಿಂದ ದಾರಿ ಗೊತ್ತಿತ್ತು. ಅದೇ ಆಟೋ ತಿರುಗಿಸಿಕೊಂಡು ಹೋದೆವು. ಜಗುಲಿಯ ಮೇಲೆ ಅತ್ತೆ, ಮಡಿಲಲ್ಲಿ ಗಂಟು, ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಸಾವಿತ್ರಮ್ಮ. ನನಗೆ ಹೋದ ಜೀವ ಬಂದ ಹಾಗಾಯಿತು.

ಅತ್ತೆ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಂದ್ರಾ? ಇನ್ನೊಂದು ದಿನ ತಡ ಆಗಿದ್ರೆ ಇದನ್ನ ಯಶವಂತಪುರ ದಾಟಿಸ್ತಿದ್ದೆ ಕಣೇ," ಎಂದವರು, ಗಂಟಿನ ತುದಿಯಿಂದಲೇ ಕಣ್ಣೊರೆಸಿಕೊಂಡರು.

ಆದದ್ದಿಷ್ಟು. ರೈಲುಗಳು ನಿಂತಿವೆ ಎಂದು ರೇಡಿಯೊ ಹೇಳಿದಾಗ ಅತ್ತೆಯವರಿಗೆ ಕಾರಣ ಕೂಡಲೇ ಹೊಳೆದಿತ್ತು. "ಗಂಟು ಇಲ್ಲೇ ಕೂತಿದೆ ಸಾವಿತ್ರಮ್ಮ, ಅದಕ್ಕೇ ರೈಲೂ ಕೂತಿದೆ. ಮನೆಗಂತೂ ತರೋ ಹಾಗಿಲ್ಲ. ಮುಂದಕ್ಕಾದ್ರೂ ಕಳಿಸೋಣ." ದೆಹಲಿ ಇರುವುದು ಉತ್ತರಕ್ಕೆ, ಬೆಳಗಿನ ಸೂರ್ಯ ಬಲಗಡೆಗಿದ್ದರೆ ಮುಖ ಉತ್ತರಕ್ಕೆ ಎಂದು ನಾನು ಮನೆಪಾಠಕ್ಕೆ ಬರುವ ಮಕ್ಕಳಿಗೆ ಹೇಳುವುದನ್ನು ಅವರು ಅಡಿಗೆಮನೆಯಿಂದಲೇ ಕೇಳಿಸಿಕೊಂಡಿದ್ದರು. ಗಂಟು ಮೊದಲು ಬಸವೇಶ್ವರನಗರದಲ್ಲಿ ಸಾವಿತ್ರಮ್ಮನವರ ಮಗಳ ಮನೆ ಸೇರಿತು. ಸುದ್ದಿಯಿಲ್ಲ. ಅಲ್ಲಿಂದ ರಾಜಾಜಿನಗರದ ಯಾರೋ ಓರಗಿತ್ತಿಯ ಮನೆ. ಆಮೇಲೆ ಈ ಜಗುಲಿ. ಹೋದಲ್ಲೆಲ್ಲ ಕಾಫಿ, ಕುಂಕುಮ, ಸಮಾಧಾನದ ಮಾತು. ದೇಶ ಸುತ್ತು ಕೋಶ ಓದು ಅನ್ನುತ್ತಾರೆ. ಕೋಶ ನಾನು ಓದಿದ್ದೆ, ಸುತ್ತಿದವರು ಅತ್ತೆ. ಒಲೆಯ ಮುಂದೆ ಒಬ್ಬರೇ ಕೂತು ಬಿ.ಪಿ. ಏರಿಸಿಕೊಳ್ಳಬೇಕಾಗಿದ್ದ ದಿನಗಳನ್ನು ಅವರು ಜನರ ನಡುವೆ, ಕೆಲಸವಿರುವವರಂತೆ ಕಳೆದಿದ್ದರು. ಗಂಟಿನಿಂದ ರೈಲು ಕದಲಿತೆಂದು ನಾನು ಈಗಲೂ ಒಪ್ಪುವುದಿಲ್ಲ, ಆದರೆ ಅತ್ತೆಯವರು ಕದಲಿದ್ದರಲ್ಲ! ನಮ್ಮ ಟೆಲಿಗ್ರಾಂ ಮಾರನೆಯ ದಿನ ಬಂತು. ಅದನ್ನು ಸಹಿ ಹಾಕಿ ತೆಗೆದುಕೊಂಡವಳು ನಾನೇ.

ಒಮ್ಮೆ ಕಾಲಿಗೆ ರುಚಿ ಹತ್ತಿದ್ದು ಬಿಡುವುದಿಲ್ಲ ನೋಡಿ. ಹೋದ ವಾರ ಅತ್ತೆ ಯಾತ್ರೆಯವರ ಬಸ್ಸಿನಲ್ಲಿ ರಾಮೇಶ್ವರಕ್ಕೆ ಹೊರಟರು. ಗಂಟು ಎಂದಿನಂತೆ ಸಾವಿತ್ರಮ್ಮನವರ ಮನೆ ಸೇರಿತ್ತು. ಹೊರಡುವಾಗ ಎತ್ತಿಕೊಡಲು ಹೋದರೆ ಕೈ ಅಡ್ಡ ಮಾಡಿದರು.

"ಇರಲಿ ಬಿಡೇ. ನೀನಿದೀಯಲ್ಲ, ಮುಂದೆ ಕಳಿಸೋಕೆ."

ತಲುಪಿದೆನೆಂಬ ಕಾಗದ ಇವತ್ತಿಗೂ ಬಂದಿಲ್ಲ. ಗಾಬರಿಯೇನಿಲ್ಲ, ನಮ್ಮ ಅಂಚೆಯ ನಡಿಗೆ ನನಗೆ ಗೊತ್ತು. ಆದರೂ ರಾಮೇಶ್ವರ ದಕ್ಷಿಣಕ್ಕಿದೆ, ಕೆಂಗೇರಿಯೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಅಲ್ಲಿ ಅತ್ತೆಯವರ ತಮ್ಮನ ಮನೆಯಿದೆ. ಯಜಮಾನರು ಪತ್ರಿಕೆಯ ಮರೆಯಲ್ಲಿ ನಗುತ್ತಿದ್ದಾರೆ. ನಗಲಿ. ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬಂದಿದ್ದೇನೆ. ಗಂಟು ಆಗಲೇ ನನ್ನ ಮಡಿಲಲ್ಲಿದೆ, ಸಾವಿತ್ರಮ್ಮನವರ ಜಗುಲಿಯ ಮೇಲೆ.