ಮಂಚಕ್ಕೆ ಕಟ್ಟಿದ ಹಳದಿ ಬಟ್ಟೆ

ದೆವ್ವ, ಗಾಳಿ, ಸೋಂಕು ಇವುಗಳಲ್ಲಿ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಮೈಮೇಲೆ ಬಂತು ಎಂದು ಕುಣಿಯುವವರ ತಲೆಗೆ ಒಂದು ಕೊಡ ತಣ್ಣೀರು ಹೊಯ್ದರೆ ಸರಿಯಾಗುತ್ತದೆ ಎಂದು ಎದುರಿಗೇ ಹೇಳಿ ಬೈಸಿಕೊಂಡವಳು ನಾನು. ಈಗ ನಾನೇ ಅಂಥದೊಂದನ್ನು ಹೇಳಬೇಕಾಗಿದೆ. ನೀವು ನಂಬಬೇಕೆಂದಿಲ್ಲ. ಕಲಿತದ್ದು ಎರಡನೇ ಇಯತ್ತೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮಾದೇವಿ ನನ್ನ ಗಂಡನ ತಂಗಿ. ಮದುವೆಯಾದ ವರ್ಷವೇ ಗಂಡ ಸತ್ತು ನಮ್ಮ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ನಲವತ್ತು ವರ್ಷ ಒಂದೇ ಒಲೆ, ದಿನಾ ಜಗಳ. ಅವಳಿಗೊಂದು ಚಾಳಿಯಿತ್ತು. ಯಾರ ಮನೆಗೆ ಹೋದರೂ ಮೊದಲು ಕೊಟ್ಟಿಗೆಗೆ ನುಗ್ಗಿ ದನದ ಹಗ್ಗ ನೋಡುವುದು. ಗಿಡ್ಡ ಕಟ್ಟಿದ್ದರೆ ಯಾರನ್ನೂ ಕೇಳದೆ ಬಿಚ್ಚಿ ಉದ್ದ ಮಾಡಿ ಕಟ್ಟಿಬಿಡುವುದು. ಅವಳ ಗಂಟೂ ಬೇರೆ ತರಹ. ತುದಿಯನ್ನು ಎರಡು ಸಲ ಮಡಚಿ ಒಳಗೆ ಸಿಕ್ಕಿಸುತ್ತಿದ್ದಳು. ದನ ಎಷ್ಟು ಜಗ್ಗಿದರೂ ಬಿಗಿಯುತ್ತಿರಲಿಲ್ಲ, ಬೇರೆಯವರು ಬಿಚ್ಚಹೋದರೆ ತುದಿಯೇ ಸಿಗುತ್ತಿರಲಿಲ್ಲ. ಊರವರು ಬೈಯುವುದು ಮಾತ್ರ ನನಗೆ.

ಎಲೆ, ಅಡಿಕೆ, ತಂಬಾಕಿನ ಕವಳ ಹಾಕಿ ಹಾಕಿ ಅವಳ ಬಾಯಲ್ಲಿ ಹುಣ್ಣಾಯಿತು. ಇದು ಮೂರು ವರ್ಷದ ಹಿಂದಿನ ಮಾತು. ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಿ ಕೊನೆತನಕ ನೋಡಿಕೊಳ್ಳುವವರು ಬೇಕು ಎಂದು ಶಿರಸಿಯ ಡಾಕ್ಟರು ಎರಡು ದಾರಿ ಹೇಳಿದರು. ಶಿರಸಿಯಿಂದ ನರ್ಸು ವಾರಕ್ಕೆ ಎರಡು ಸಲ ಮನೆಗೆ ಬಂದು ಹೋಗುವುದು ಒಂದು. ಉಳಿದ ಹೊತ್ತು ನಾವೇ ಹುಣ್ಣು ತೊಳೆಯಬೇಕು. ಯಲ್ಲಾಪುರದ ಕಡೆ ಅಂಥ ರೋಗಿಗಳನ್ನು ಇಟ್ಟುಕೊಳ್ಳುವ ಮನೆಯಿದೆ, ಅದು ಇನ್ನೊಂದು. ನಾನು ಯಲ್ಲಾಪುರಕ್ಕೇ ಮನಸ್ಸು ಮಾಡಿದೆ. ಸುಳ್ಳೇಕೆ ಹೇಳಲಿ, ಆ ಹುಣ್ಣಿನ ನಾತ ನನಗೆ ತಡೆಯುತ್ತಿರಲಿಲ್ಲ. ಉಣ್ಣುವ ಅನ್ನಕ್ಕೂ ಅದೇ ನಾತ. ಅವಳು ಮನೆಯಿಂದ ಹೋದರೆ ಸಾಕಾಗಿತ್ತು.

ಸೊಸೆ ಸುಶೀಲೆಯನ್ನು ಅವಳ ಹತ್ತಿರ ಕೂರಿಸಿ, ಸಿದ್ದಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು, ಶಿರಸಿಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ಹೋದೆ. ಮುಂದಿನ ಕೋಣೆ ಚೊಕ್ಕವಾಗಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ಹೆತ್ತ ತಾಯಿಯ ಹಾಗೆ ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರು ಬೆಲ್ಲದ ಹಾಗೆ ಮಾತಾಡಿದ. ನಾವು ಆಕಳು ಮಾರುವಾಗ ಕೊಳ್ಳುವವನ ಮಾತು ಕೇಳುವುದಿಲ್ಲ, ಅವನ ಕೊಟ್ಟಿಗೆಗೆ ಹೋಗಿ ದನ ತಿನ್ನುವ ಗೋದಲಿ ಮೂಸುತ್ತೇವೆ. ಇಲ್ಲಿಯೂ ನಾನು ಪರದೆ ಸರಿಸಿ ಹಿಂದೆ ನಡೆದೆ.

ಹಿಂದೆ ಆರು ಮಂಚ. ಮೇಲೆ ಫಿನಾಯಿಲಿನ ವಾಸನೆ, ಅದರ ಅಡಿಗೆ ಉಚ್ಚೆಯ ವಾಸನೆ. ಆಯಾ ಒಬ್ಬಳು ಒಂದೇ ಒದ್ದೆ ಬಟ್ಟೆಯಿಂದ ಸಾಲಾಗಿ ಎಲ್ಲರ ಬಾಯಿ ಒರೆಸುತ್ತ ಬರುತ್ತಿದ್ದಳು; ಅದೇ ಬಕೆಟ್ಟಿಗೆ ಅದ್ದುವುದು, ಅದರಿಂದಲೇ ಮುಂದಿನವರಿಗೆ. ಕೊನೆಯ ಮಂಚದಲ್ಲಿ ಒಬ್ಬ ಮುದುಕಿ. ಬಲಗೈಗೆ ಸ್ವಾಧೀನವಿಲ್ಲ. ಎಡಗೈಯನ್ನು ಹಳದಿ ಬಟ್ಟೆಯಿಂದ ಮಂಚದ ಸರಳಿಗೆ ಗಿಡ್ಡವಾಗಿ ಬಿಗಿದಿದ್ದರು. ಗಂಜಿ ಬಿಡಲು ಮೂಗಿಗೆ ಹಾಕಿದ ನಳಿಗೆಯನ್ನು ಕಿತ್ತುಕೊಳ್ಳುತ್ತಾಳೆ, ಅದಕ್ಕೇ ಕಟ್ಟಿದ್ದು ಎಂದಳು ಆಯಾ. ಮುದುಕಿಯ ತುಟಿಯ ಮೇಲೆ ನೊಣ ಕೂತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಆ ನೊಣವನ್ನೂ ಓಡಿಸಲಿಲ್ಲ. ಹೇಸಿಗೆಯಾಗಿ ಹೊರಗೆ ಬಂದವಳು, ಸೋಮವಾರ ಕರೆತರುತ್ತೇನೆಂದು ಮಾದೇವಿಯ ಹೆಸರು ಬರೆಸಿದೆ. ಅಷ್ಟೆಲ್ಲ ಕಂಡ ಮೇಲೂ ಬರೆಸಿದೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಹೇಗಿದೆ ಎಂದು ಸುಶೀಲೆ ಕೇಳಿದ್ದಕ್ಕೆ, ಚೊಕ್ಕವಾಗಿದೆ, ಲಾಯಕ್ಕಾದ ಜಾಗ ಎಂದೆ. ಕಂಡದ್ದರಲ್ಲಿ ಒಂದು ಅಕ್ಷರವನ್ನೂ ಬಾಯಿ ಬಿಡಲಿಲ್ಲ. ನಾಲಗೆ ಹೊರಳದೆ ಮಾದೇವಿ ಮಾತು ಬಿಟ್ಟು ಹತ್ತು ದಿನವಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಆಗ ಸ್ಪಷ್ಟವಾಗಿ ಹೇಳಿದಳು: "ಅತ್ಗೆ, ಆ ಹಗ್ಗ ಗಿಡ್ಡ ಆತು."

ಸುಶೀಲೆ ನಕ್ಕಳು. "ಚಿಕ್ಕತ್ತೆ, ಕೊಟ್ಟಿಗೇಲಿ ದನಾನೇ ಇಲ್ಲ, ಯಾರ ಹಗ್ಗನೇ ಮಾರಾಯ್ತಿ ನಿಂದು?"

"ಕೈ ಬಾಯಿಗೆ ಬತ್ತಿಲ್ಲ ಅದಕ್ಕೆ. ನೊಣ ಕುಂತೈತೆ."

ದನದ ಕನವರಿಕೆ ಎಂದು ಸುಶೀಲೆ ಒಳಗೆ ಹೋದಳು. ದನಕ್ಕೆ ಕೈ ಎಲ್ಲಿಂದ ಬಂತು?

ಮರುದಿನ ಮತ್ತೆ ಮೊದಲ ಬಸ್ಸಿಗೆ ಹೋದೆ. ಹೆಸರು ತೆಗೆಸಿ, ಆ ಕೈ ಬಿಚ್ಚಿ ಬರಬೇಕೆಂದೇ ಹೋದದ್ದು. ಮ್ಯಾನೇಜರು ನನ್ನನ್ನು ಕಂಡವನೇ ರೇಗಿದ. ಬೆಲ್ಲವೆಲ್ಲ ಎಲ್ಲಿ ಕರಗಿತೋ. "ನಿನ್ನೆ ನೀವು ಮಾಡಿಟ್ಟು ಹೋಗಿದ್ದನ್ನ ನೀವೇ ಬಿಚ್ಚಿ. ನಮಗೆ ತುದಿನೇ ಸಿಗ್ತಿಲ್ಲ" ಎಂದ.

ಹೋಗಿ ನೋಡಿದೆ. ಅದೇ ಹಳದಿ ಬಟ್ಟೆ, ಅದೇ ಸರಳು. ಈಗ ಒಂದು ಮೊಳ ಸಡಿಲ ಬಿಟ್ಟಿತ್ತು. ತುದಿ ಎರಡು ಸಲ ಮಡಚಿ ಒಳಗೆ ಸಿಕ್ಕಿಸಿತ್ತು. ಮುದುಕಿ ತನ್ನ ಕೈಯಿಂದ ತಾನೇ ತುಟಿ ಒರೆಸಿಕೊಳ್ಳುತ್ತಿದ್ದಳು. ಮೂಗಿನ ನಳಿಗೆ ಇದ್ದಲ್ಲೇ ಇತ್ತು. ಯಾರು ಕಟ್ಟಿದ್ದು ಎಂದು ಕೇಳಿದೆ. ಅವಳಿಗೆ ಮಾತು ಬರುತ್ತಿರಲಿಲ್ಲ. ಕತ್ತರಿ ತರಿಸಿ ಮಣಿಕಟ್ಟಿನ ಹತ್ತಿರ ಬಟ್ಟೆ ಕತ್ತರಿಸಿದೆ. ಗಂಟು ಸರಳಿನಲ್ಲೇ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ.

ಮಾದೇವಿಯ ಹೆಸರು ತೆಗೆಸಿ ಬರುವ ದಾರಿಯಲ್ಲಿ ಶಿರಸಿಯ ಡಾಕ್ಟರಿಗೆ ಆ ಮನೆಯ ಹೊಲಸೆಲ್ಲ ಹೇಳಿ, ಮನೆಗೆ ಬರುವ ನರ್ಸನ್ನೇ ಗೊತ್ತು ಮಾಡಿದೆ. ಅವಳು ಬಂದವಳೇ ಸಿಹಿ ಮಾತಾಡಲಿಲ್ಲ, ಕೈ ತೊಳೆದು ಮೊದಲು ಚಾದರ ಎತ್ತಿ, ಮಲಗಿ ಮಲಗಿ ಬೆನ್ನಿನ ಚರ್ಮ ಸುಲಿದಿದೆಯೇ ಎಂದು ನೋಡಿದಳು. ನನಗೆ ಹುಣ್ಣು ತೊಳೆಯಲು ಕಲಿಸಿದಳು. ನಾತ ಹೋಗಲಿಲ್ಲ. ವಾಂತಿ ಮಾಡಿ ಬಂದು ಮತ್ತೆ ತೊಳೆದೆ. ಮಾದೇವಿ ಇನ್ನೂ ಒಂದು ತಿಂಗಳು ಇದ್ದಳು, ಮತ್ತೆ ಮಾತಾಡಲಿಲ್ಲ. ಯಲ್ಲಾಪುರಕ್ಕೆ ಹೋಗಿದ್ದೆಯೇನೇ ಎಂದು ನಾಚಿಕೆ ಬಿಟ್ಟು ಕೇಳಿದೆ. ಕಣ್ಣು ಮುಚ್ಚಿಕೊಂಡಳು.

ನೀವೇ ಮೈಮರೆತು ಕಟ್ಟಿ ಬಂದಿರಬೇಕು ಎನ್ನುತ್ತಾಳೆ ಸುಶೀಲೆ. ಇರಬಹುದು, ಆ ಕೋಣೆಯಲ್ಲಿ ನನಗೆ ತಲೆ ನೆಟ್ಟಗಿರಲಿಲ್ಲ. ಆದರೆ ಮಾದೇವಿಗೆ ನೊಣದ ವಿಷಯ ಹೇಳಿದವರು ಯಾರು? ಆ ಗಂಟನ್ನೂ ನಾನು ನಲವತ್ತು ವರ್ಷದಲ್ಲಿ ಕಲಿಯಲಿಲ್ಲ. ಈಗಲೂ ಕೆಲವೊಮ್ಮೆ ಖಾಲಿ ಕೊಟ್ಟಿಗೆಗೆ ಹೋಗಿ ಹಳೆಯ ಹಗ್ಗ ಹಿಡಿದು, ತುದಿ ಎರಡು ಸಲ ಮಡಚಿ ಸಿಕ್ಕಿಸಿ ನೋಡುತ್ತೇನೆ. ಜಗ್ಗಿದರೆ ಬಿಗಿದುಕೊಳ್ಳುತ್ತದೆ.